ರಾಜನ ಹಿತ್ತಾಳೆ ಬಿಲ್ಲೆ

ಆಲ್ಡರ್ಲಿ, ಕಾರ್ವೆಲ್ ಅಂಚೆ
ನ್ಯೂ ಸೌತ್ ವೇಲ್ಸ್
8 ಫೆಬ್ರವರಿ 1987

ಪ್ರೀತಿಯ ಅಕ್ಕ,

ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಬೇರೇನೂ ಬರೆಯದ ತಮ್ಮ ಫೆಬ್ರವರಿಯಲ್ಲಿ ಪತ್ರ ಹಾಕಿದ್ದಾನೆ ಎಂದರೆ ಯಾರೋ ಸತ್ತಿರಬೇಕು ಅಂದುಕೊಳ್ಳಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಕುರಿಗಳು ಮಾತ್ರ ಬಿಸಿಲು ತಾಳಲಾರದೆ ಬೇಲಿಗೂಟದ ನೆರಳಿಗೂ ಜಗಳ ಕಾಯುತ್ತಿವೆ. ನಿನ್ನಿಂದ ನನಗೊಂದು ಕೆಲಸ ಆಗಬೇಕು.

ಬರುವ ಜನವರಿ ಇಪ್ಪತ್ತಾರಕ್ಕೆ ಮೊದಲ ಹಡಗುಗಳು ಈ ದೇಶಕ್ಕೆ ಬಂದು ಇನ್ನೂರು ವರ್ಷ. ಇಂಥದ್ದು ಸಿಕ್ಕರೆ ಕಾರ್ವೆಲ್ ಊರಿನವರು ಬಿಡುತ್ತಾರೆಯೇ? ಸಮಿತಿ ಆಯಿತು, ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಹಳೆಯ ಮನೆತನಗಳ ಪುಸ್ತಕವೊಂದು ಬರುತ್ತದೆ, ಮನೆಗೊಂದು ಪುಟ. ಅದೇ ದಿನ ಆಲ್ಡರ್ಲಿಯಲ್ಲಿ ನಮ್ಮ ಟರ್ವಿಲ್ ಬಳಗದವರೆಲ್ಲ ಸೇರುತ್ತಾರೆ. ಕೇಕುಗಳ ಚಿಂತೆ ಮನೆಯಾಕೆ ಬೆರಿಲ್‌ಗೆ ಈಗಲೇ ಹತ್ತಿದೆ. ಗ್ಯಾವಿನ್‌ಗೆ ಆ ವಾರವೇ ಇಪ್ಪತ್ತೊಂದು ತುಂಬುತ್ತದೆ. ಅಪ್ಪ ನನಗೆ ಹಾಕಿದ ಹಾಗೆ, ಅಪ್ಪನಿಗೆ ತಾತ ಹಾಕಿದ ಹಾಗೆ, ಎಲ್ಲರೆದುರು ಮಗನ ಕೊರಳಿಗೆ ರಾಜನ ಬಿಲ್ಲೆ ಹಾಕುತ್ತೇನೆ. ಅಗ್ಗಿಷ್ಟಿಕೆಯ ಮೇಲಿನಿಂದ ಅದನ್ನು ಇಳಿಸಿ ಎಷ್ಟು ವರ್ಷವಾಯಿತು!

ವಿಷಯ ಇಷ್ಟೇ. ಇಲ್ಲಿನ ಮೂಲನಿವಾಸಿಗಳ ಜೆರ್ರಿ ರಾಜ ಆ ಬಿಲ್ಲೆಯನ್ನು ತನ್ನ ಕೊರಳಿನಿಂದ ತೆಗೆದು ನಮ್ಮ ಮುತ್ತಜ್ಜ ಅಂಬ್ರೋಸನ ಕೊರಳಿಗೆ ಹಾಕಿ, ‘ಇನ್ಮೇಲೆ ಈ ನೆಲಕ್ಕೆ ರಾಜ ನೀನೇ’ ಅಂದದ್ದು ಯಾವ ಇಸವಿಯಲ್ಲಿ? ಹಸಿವಿನ ಚಳಿಗಾಲ ಅಂತ ಅಪ್ಪ ಹೇಳುತ್ತಿದ್ದರು, ಇಸವಿ ಹೇಳಲಿಲ್ಲ. ನಾವೊಂದು ಕಲ್ಲಿನ ಸ್ಮಾರಕ ಕಟ್ಟಿಸುತ್ತಿದ್ದೇವೆ. ಕಲ್ಲು ಕೆತ್ತುವವನಿಗೆ ಇಸವಿ ಬೇಕಂತೆ. ನೀನು ಸಿಡ್ನಿಯ ಗ್ರಂಥಾಲಯಕ್ಕೆ ನಡೆದೇ ಹೋಗಬಹುದು, ಅಲ್ಲಿ ಹಳೆಯ ಪತ್ರಿಕೆಗಳೆಲ್ಲ ಇವೆಯಂತೆ. ಮೂವತ್ತು ವರ್ಷ ಪಾಠ ಹೇಳಿದ ಮೇಡಂಗೆ ಇದು ಎಷ್ಟರ ಕೆಲಸ?

ಸ್ಮಾರಕ ನದಿ ಬಯಲಿನ ಕುದುರೆಮೆಂತೆ ಮೇವಿನ ಹೊಲದ ಅಂಚಿನಲ್ಲಿ ಬರುತ್ತದೆ. ಮೂಲನಿವಾಸಿ ಮುದುಕಿ ಪಾಸ್ಕೋ ವರ್ಷಕ್ಕೊಮ್ಮೆ ಬಂದು ಪಿಕ್ನಿಕ್ ಮಾಡುತ್ತಿದ್ದಳಲ್ಲ, ಸರಿಯಾಗಿ ಅಲ್ಲೇ. ಅಲ್ಲಿಂದ ನೋಟ ಚೆನ್ನಾಗಿದೆ.

ನಿನ್ನ ತಮ್ಮ
ರಾಸ್


ಗ್ಲೀಬ್, ಸಿಡ್ನಿ
22 ಮಾರ್ಚ್ 1987

ಪ್ರೀತಿಯ ರಾಸ್,

ಅಂತೂ ತಮ್ಮನಿಗೆ ಅಕ್ಕನ ನೆನಪು ಬಂತು. ಇಸವಿ ಬೇಕಾದಾಗ ಮಾತ್ರ ಆ ನೆನಪು ಬರುತ್ತದೆ ಅಂತ ಗೊತ್ತಿದ್ದರೆ ಎಂದೋ ಒಂದು ಇಸವಿಯನ್ನು ಬಚ್ಚಿಟ್ಟುಕೊಂಡು ಕೂರುತ್ತಿದ್ದೆ.

ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಕೈಗೆ ಕೊಡುವುದಿಲ್ಲ. ಫಿಲ್ಮ್ ಸುರುಳಿಯನ್ನು ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸಬೇಕು. ಮೊದಲ ದಿನ ಹಡಗಿನಿಂದ ಇಳಿದವಳಂತೆ ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ನನ್ನ ಪಕ್ಕದ ಯಂತ್ರದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೂತು ತನ್ನ ವಂಶದ ಹಿರಿಯರನ್ನು ಹುಡುಕುತ್ತಾನೆ. ಒಂದು ದಿನ ಕುರ್ಚಿಯಿಂದ ಎದ್ದು, ‘ಸಿಕ್ಕಿದ ರೀ! ಕುರಿಕಳ್ಳ! ಏಳು ವರ್ಷ ಸಜೆ!’ ಅಂತ ಕೂಗಿ ಎಲ್ಲರ ಕೈ ಕುಲುಕಿದ. ನಮ್ಮ ಕಾಲದಲ್ಲಿ ವಂಶದಲ್ಲಿ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿ ಇದ್ದರೆ ಮುಚ್ಚಿಡುತ್ತಿದ್ದರು, ಈಗ ಕಟ್ಟು ಹಾಕಿಸಿ ಗೋಡೆಗೆ ತೂಗುತ್ತಾರೆ. ನಮ್ಮ ವಂಶದಲ್ಲಿ ಒಬ್ಬ ಕೈದಿಯೂ ಇಲ್ಲ ಅಂತ ಅಪ್ಪನಿಗೆ ಎಷ್ಟು ಹೆಮ್ಮೆ ಇತ್ತು, ನೆನಪಿದೆಯೇ?

ನಿನ್ನ ಇಸವಿ ಸಿಕ್ಕಿದೆ, 1846. ಆದರೆ ಕಥೆಯನ್ನು ನಾವು ಬಾಲದ ಕಡೆಯಿಂದ ಹಿಡಿದುಕೊಂಡಿದ್ದೆವು. ಜೆರ್ರಿ ನಮ್ಮ ಮುತ್ತಜ್ಜನಿಗೆ ಬಿಲ್ಲೆ ಕೊಡಲಿಲ್ಲ, ನಮ್ಮ ಮುತ್ತಜ್ಜನೇ ಜೆರ್ರಿಗೆ ಕೊಟ್ಟದ್ದು. ನದಿ ಉಕ್ಕಿದಾಗ ಟರ್ವಿಲ್ ಅವರ ಇಡೀ ಹಿಂಡನ್ನು ಕಡವು ತೋರಿಸಿ ದಾಟಿಸಿದ ಜೆರ್ರಿ ಎಂಬ ಮೂಲನಿವಾಸಿಗೆ, ಅವರು ಸಿಡ್ನಿಯ ಕೆತ್ತನೆಗಾರನಿಂದ ಒಂದು ಸೊಗಸಾದ ಹಿತ್ತಾಳೆ ಬಿಲ್ಲೆ ಮಾಡಿಸಿ ತೊಡಿಸಿದರು ಅಂತ ಪತ್ರಿಕೆಯಲ್ಲಿದೆ. ಆಗಿನ ಕುರಿ ಒಡೆಯರೆಲ್ಲ ಹೀಗೆ ತಮಗೆ ಬೇಕಾದವನಿಗೆ ಬಿಲ್ಲೆ ತೊಡಿಸಿ ರಾಜನನ್ನಾಗಿ ಮಾಡುತ್ತಿದ್ದರಂತೆ.

ನನಗೆ ನಾಚಿಕೆಯಾದದ್ದು ಇದಕ್ಕೆ. ಹುಡುಗಿಯಾಗಿದ್ದಾಗ ಶನಿವಾರ ಶನಿವಾರ ಅದನ್ನು ಬೂದಿ ಹಾಕಿ ಉಜ್ಜಿದವಳು ನಾನು. ಅದರ ಮೇಲೆ ಏನಿದೆ? ‘ಜೆರ್ರಿ, ಆಲ್ಡರ್ಲಿಯ ರಾಜ’. ಆಲ್ಡರ್ಲಿ ಎಂದರೆ ಅಂಬ್ರೋಸನ ಹೆಂಡತಿಯ ಊರು, ಇಂಗ್ಲೆಂಡಿನದು. ಈ ನೆಲದ ರಾಜನೊಬ್ಬ ತನ್ನ ಬಿಲ್ಲೆಯ ಮೇಲೆ ನಮ್ಮ ಮುತ್ತಜ್ಜಿಯ ತವರೂರಿನ ಹೆಸರು ಏಕೆ ಕೆತ್ತಿಸುತ್ತಾನೆ? ಇದು ನನಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ. ನಮಗೆ ಬೇಕಾದದ್ದನ್ನೇ ಓದಿಕೊಂಡೆವು.

ಇರಲಿ. ಕೊಟ್ಟದ್ದು ನಾವಾದರೆ ಅದು ಮತ್ತೆ ನಮ್ಮ ಮನೆಗೆ ಬಂದದ್ದು ಹೇಗೆ? ಅದನ್ನೂ ಹುಡುಕುತ್ತೇನೆ. ಅಲ್ಲಿಯವರೆಗೆ ಕಲ್ಲಿನವನನ್ನು ತಡೆ.

ಪ್ರೀತಿಯಿಂದ
ಎನಿಡ್


ಆಲ್ಡರ್ಲಿ
19 ಏಪ್ರಿಲ್ 1987

ಪ್ರೀತಿಯ ಅಕ್ಕ,

ಬೆಟ್ಟ ಅಗೆದು ಇಲಿ ಹಿಡಿದೆ ಅಲ್ಲ! ಮೊದಲು ನಾವು ಕೊಟ್ಟೆವು, ಆಮೇಲೆ ಅವನು ಸಾಯುವ ಕಾಲಕ್ಕೆ ಹಿಂದಿರುಗಿಸಿದ. ಒಳ್ಳೆಯ ಸ್ನೇಹಿತರು ಹಾಗೆಯೇ ಮಾಡುವುದು. ಅದರಲ್ಲಿ ಹುಡುಕುವುದಕ್ಕೆ ಏನಿದೆ?

ಬೆರಿಲ್‌ಗೆ ನಿನ್ನ ಪತ್ರ ಓದಿ ಹೇಳಿದೆ. ‘ನಿಮ್ಮಕ್ಕಂಗೆ ರಿಟೈರಾದ್ಮೇಲೆ ತಿದ್ದೋಕೆ ಪೇಪರ್ ಸಿಗ್ತಿಲ್ಲ, ಅದಕ್ಕೆ ಮುತ್ತಜ್ಜನ್ನೇ ತಿದ್ತಿದಾರೆ’ ಅಂದಳು. ಕೋಪ ಮಾಡಿಕೊಳ್ಳಬೇಡ, ಅವಳು ನಿನ್ನನ್ನು ಇಷ್ಟಪಡುತ್ತಾಳೆ.

ಸ್ಮಾರಕಕ್ಕೆ ಗುಂಡಿ ತೋಡಿಸಬೇಕು. ಬಯಲಿನ ಗೇಟಿಗೆ ನಾನು ಹಾಕಿದ್ದ ಬೀಗ ತುಕ್ಕು ಹಿಡಿದು ತೆಗೆಯಲು ಬರುತ್ತಿಲ್ಲ. ದನಗಳ್ಳರ ಕಾಟಕ್ಕೆ ಹಾಕಿದ್ದು ಅದು. ಆಗ ಐಲೀನ್ ಪಾಸ್ಕೋ ಒಮ್ಮೆ ಮನೆಗೆ ಬಂದು, ‘ಬೀಗ ಯಾಕಪ್ಪಾ?’ ಅಂತ ಕೇಳಿದ್ದಳು. ಅವಳ ಅಜ್ಜಿಯೇ ಹೋಗಿಯಾಯಿತು, ಇನ್ನೇನು ಪಿಕ್ನಿಕ್ ಅಂದುಕೊಂಡು ಏನೋ ಒಂದು ಹೇಳಿ ಕಳಿಸಿದೆ. ಈಗ ಯಾಕೆ ನೆನಪಾಯಿತೋ.

ಆ ಮುದುಕಿಗೆ ನಾವಿಬ್ಬರೂ ಬಿಸಿ ಸ್ಕೋನ್ ಬನ್ನು ತೆಗೆದುಕೊಂಡು ಹೋಗುತ್ತಿದ್ದುದು ನೆನಪಿದೆಯೇ? ಅಮ್ಮ ಕರವಸ್ತ್ರದಲ್ಲಿ ಕಟ್ಟಿ ಕೊಡುತ್ತಿದ್ದಳು. ಅವಳು ನೆಲ ತೋರಿಸಿಕೊಂಡು ಏನೇನೋ ಹೇಳುವಳು. ನಾನು, ‘ಜಾಮ್ ಬೇಕಾ ಅಜ್ಜಿ?’ ಅಂತ ಕೇಳುವುದು. ಎಂಥ ಕಾಲ ಅದು! ಬಡವರಿಗೆ ಇಲ್ಲ ಅನ್ನುತ್ತಿರಲಿಲ್ಲ ನಮ್ಮ ಮನೆಯವರು. ಅದನ್ನೂ ಪುಸ್ತಕದ ನಮ್ಮ ಪುಟದಲ್ಲಿ ಹಾಕಬೇಕು.

ನಿನ್ನ
ರಾಸ್


ಗ್ಲೀಬ್
14 ಜೂನ್ 1987

ರಾಸ್,

ಇದನ್ನು ನಿಂತುಕೊಂಡು ಓದಬೇಡ.

1889ರ ಆಗಸ್ಟ್, ಕಾರ್ವೆಲ್‌ನ ವಾರಪತ್ರಿಕೆ. ಉಣ್ಣೆಯ ಧಾರಣೆಗೂ ಚರ್ಚಿನ ಚಹಾಕೂಟದ ಸುದ್ದಿಗೂ ನಡುವೆ ಇದೆ. ಒಂದಕ್ಷರ ಬಿಡದೆ ಇಳಿಸಿದ್ದೇನೆ:

‘ಶ್ರೀ ಹೆಡ್ಲಿ ಟರ್ವಿಲ್ ಅವರು ತಮ್ಮ ನದಿ ಬಯಲಿನಲ್ಲಿ ಕುದುರೆಮೆಂತೆ ಬಿತ್ತಲು ಉಳುಮೆ ಮಾಡಿಸುತ್ತಿದ್ದಾಗ, ಕುಳಿತ ಭಂಗಿಯಲ್ಲಿದ್ದ ಅಸ್ಥಿಪಂಜರವೊಂದು ನೇಗಿಲಿಗೆ ಸಿಕ್ಕಿತು. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಇದ್ದುದರಿಂದ ಇದು ದಿವಂಗತ ಜೆರ್ರಿ ದೊರೆಯವರೆಂದು ತಿಳಿದುಬಂತು. ಒಡ್ಡೋಲಗಕ್ಕೆ ಭಂಗ ತಂದುದಕ್ಕಾಗಿ ಶ್ರೀ ಟರ್ವಿಲ್ ದೊರೆಯ ಕ್ಷಮೆ ಕೋರಿದರಂತೆ. ತಲೆಬುರುಡೆಯನ್ನು ಅಭ್ಯಾಸಕ್ಕಾಗಿ ಇಂಗ್ಲೆಂಡಿನ ವಿದ್ವಾಂಸರೊಬ್ಬರಿಗೆ ಕಳುಹಿಸಲಾಗಿದೆ. ಬಿಲ್ಲೆಯು ಶ್ರೀ ಟರ್ವಿಲ್ ಅವರ ಅಗ್ಗಿಷ್ಟಿಕೆಯ ಮೇಲೆ ಶೋಭಿಸುತ್ತಿದೆ. ಪೈರು ಚೆನ್ನಾಗಿ ಎದ್ದಿದೆ.’

ಹೆಡ್ಲಿ ಎಂದರೆ ನಮ್ಮ ತಾತ. ನಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುದೀನ ಮಿಠಾಯಿ ಕೊಡುತ್ತಿದ್ದ ತಾತ.

ಇದನ್ನು ಯಾರೂ ಮುಚ್ಚಿಡಲಿಲ್ಲ ರಾಸ್. ಊರಿಗೆ ಊರೇ ಬೆಳಗಿನ ಚಹಾದ ಜೊತೆ ಓದಿ ನಕ್ಕಿರಬೇಕು. ಪಕ್ಕದ ಯಂತ್ರದ ಬ್ಯಾಂಕ್ ಮ್ಯಾನೇಜರ್, ‘ನಿಮಗೂ ಕೈದಿ ಸಿಕ್ಕಿದ್ನಾ ಮೇಡಂ?’ ಅಂತ ಕೇಳಿದ. ಇಲ್ಲ ಅಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ರಾಜ ಬಿಲ್ಲೆ ಕೊಟ್ಟ ಅನ್ನುವ ಕಥೆಯನ್ನು ಕಟ್ಟಿದವಳು ನಮ್ಮ ಅಜ್ಜಿ ಇರಬೇಕು ಅನ್ನಿಸುತ್ತದೆ. ಹೆಣದ ಎದೆಯಿಂದ ಕಿತ್ತದ್ದರ ಕೆಳಗೆ ಕೂತು ಮಕ್ಕಳಿಗೆ ತುತ್ತು ಕೊಡುವುದು ಅವಳಿಗೆ ಆಗಿರಲಿಕ್ಕಿಲ್ಲ. ಮಕ್ಕಳು ಕೇಳಿದಾಗ ಒಂದು ಚಂದದ ಸುಳ್ಳು ಹೇಳಿದಳು, ನಾವು ಅದನ್ನೇ ಕೊರಳಿಗೆ ಹಾಕಿಕೊಂಡೆವು.

ಇನ್ನು ಮುದುಕಿ ಪಾಸ್ಕೋ. ಕಾರ್ವೆಲ್ ಚರ್ಚಿನ ದಾಖಲೆಯ ಸುರುಳಿಯನ್ನೂ ತರಿಸಿ ನೋಡಿದೆ. ಅವಳ ಮದುವೆಯ ನಮೂದಿನಲ್ಲಿ ತಂದೆಯ ಹೆಸರಿನ ಜಾಗದಲ್ಲಿ ‘ಜೆರ್ರಿ, ಆಲ್ಡರ್ಲಿಯವನು’ ಎಂದಿದೆ. ಅವಳು ಬರುತ್ತಿದ್ದುದು ಅಪ್ಪನ ಹತ್ತಿರಕ್ಕೆ. ನೆಲ ತೋರಿಸಿ ಅದನ್ನೇ ನಮಗೆ ಹೇಳುತ್ತಿದ್ದಳು. ನಾವು ಜಾಮ್ ಬೇಕಾ ಅಂತ ಕೇಳಿದೆವು.

ಗ್ಯಾವಿನ್ ಕೊರಳಿಗೆ ಅದನ್ನು ಹಾಕಬೇಡ. ನಿನಗೆ ಕೈ ಮುಗಿದು ಕೇಳುತ್ತೇನೆ. ಅದು ಪಾಸ್ಕೋ ಮನೆಯವರದು, ಅವರಿಗೆ ಕೊಟ್ಟುಬಿಡು. ಆ ಸ್ಮಾರಕವನ್ನೂ ಅಲ್ಲಿ ಕಟ್ಟಬೇಡ.

ಎನಿಡ್


ಆಲ್ಡರ್ಲಿ
5 ಜುಲೈ 1987

ಎನಿಡ್,

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು. ನಾನು ಕೇಳಿದ್ದು ಒಂದು ಇಸವಿ.

ಸಿಡ್ನಿಯವನನ್ನು ಮದುವೆಯಾಗಿ ನೀನು ಇಲ್ಲಿಂದ ಹೋದೆ. ಬರಗಾಲದಲ್ಲಿ ಕುರಿಗಳಿಗೆ ಗುಂಡು ಹೊಡೆದವನು ನಾನು, ನೀನಲ್ಲ. ಬೆಂಕಿ ಬಂದಾಗ ಗೋಣಿಚೀಲ ನೆನೆಸಿಕೊಂಡು ಬಡಿದವನು ನಾನು. ಈಗ ತಣ್ಣನೆಯ ಕೋಣೆಯಲ್ಲಿ ಹಿಡಿ ತಿರುಗಿಸುತ್ತಾ ಕೂತು ನಮ್ಮ ತಾತನನ್ನು ಹೆಣಗಳ್ಳ ಅನ್ನುತ್ತೀಯಾ?

ನಿನ್ನ ಹೊಟ್ಟೆಯೊಳಗಿನದು ನನಗೆ ಗೊತ್ತು. ಹಿರಿಯಳು ನೀನು, ಆದರೆ ಬಿಲ್ಲೆ ಬಿದ್ದದ್ದು ನನ್ನ ಕೊರಳಿಗೆ. ನನಗೆ ಇಪ್ಪತ್ತೊಂದಾದ ದಿನ ಫೋಟೋ ತೆಗೆಯುವಾಗ ನೀನು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಉಜ್ಜುವುದು ನಾನು, ತೊಡುವುದು ಅವನು ಅಂತ ಅಮ್ಮನ ಹತ್ತಿರ ಅತ್ತದ್ದು ನನಗೆ ಕೇಳಿಸಿತ್ತು. ಈಗ ನಿನಗೆ ಸಿಗದ್ದು ನನ್ನ ಮಗನಿಗೂ ಸಿಗಬಾರದು, ಅಷ್ಟೇ ತಾನೆ?

ಇವತ್ತು ಬಿಲ್ಲೆ ಕೊಡು ಅನ್ನುತ್ತೀ. ನಾಳೆ ಅವರು ಬಯಲು ಕೇಳುತ್ತಾರೆ, ನಾಡಿದ್ದು ಮನೆ. ಆಗ ನಾವು ಎಲ್ಲಿಗೆ ಹೋಗಬೇಕು, ಮುತ್ತಜ್ಜಿಯ ತವರೂರಿಗಾ?

ನನಗೆ ಬರೆಯಬೇಡ.

ರಾಸ್ ಟರ್ವಿಲ್


ಗ್ಲೀಬ್
23 ಆಗಸ್ಟ್ 1987

ರಾಸ್,

ಬರೆಯಬೇಡ ಅಂದೆ, ಆದರೂ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ನಿಜ. ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ. ಗ್ರಂಥಾಲಯದಲ್ಲಿ ಆ ಸುದ್ದಿ ಓದಿದಾಗ ಮೊದಲು ನೋವಾಯಿತು, ಆದರೆ ಅದರ ಹಿಂದೆಯೇ, ‘ಅನುಭವಿಸಲಿ ಇನ್ನು’ ಅನ್ನುವ ಒಂದು ಸಣ್ಣ ಸಂತೋಷವೂ ಇತ್ತು. ಅದಕ್ಕೆ ನನಗೆ ಹೇಸಿಗೆಯಾಗುತ್ತದೆ. ಆದರೆ ನಾನು ಹೊಟ್ಟೆಕಿಚ್ಚಿನವಳು ಎಂದ ಮಾತ್ರಕ್ಕೆ ಪತ್ರಿಕೆಯಲ್ಲಿರುವುದು ಸುಳ್ಳಾಗುವುದಿಲ್ಲವಲ್ಲ.

ಇನ್ನೊಂದು ವಿಷಯ ಇದೆ. ಐಲೀನ್ ಪಾಸ್ಕೋಗೆ ಬರೆದಿದ್ದೇನೆ. ಪತ್ರಿಕೆಯ ಸುದ್ದಿಯನ್ನೂ ಇಟ್ಟಿದ್ದೇನೆ. ನಿಮ್ಮ ಮುತ್ತಜ್ಜನ ಬಿಲ್ಲೆ ನಮ್ಮ ಮನೆಯಲ್ಲಿದೆ, ನನ್ನ ತಮ್ಮ ಅದನ್ನು ನಿಮಗೆ ಒಪ್ಪಿಸುತ್ತಾನೆ ಅಂತ ಹೇಳಿದ್ದೇನೆ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟದ್ದು ತಪ್ಪೇ. ಕೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ.

ಎನಿಡ್


ಆಲ್ಡರ್ಲಿ
20 ಸೆಪ್ಟೆಂಬರ್ 1987

ಅಕ್ಕ,

ಬಿಲ್ಲೆ ಈಗ ಮನೆಯಲ್ಲಿಲ್ಲ. ಅದು ಎಲ್ಲಿಂದ ಬಂತೋ ಅಲ್ಲಿಗೇ ಸೇರಿಸಿದ್ದೇನೆ.

ನೀನು ಇಳಿಸಿ ಕಳಿಸಿದ ಪತ್ರಿಕೆಯ ಸುದ್ದಿಯನ್ನು ಒಲೆಗೆ ಹಾಕಬೇಕು ಅಂತ ಹಲವು ಸಲ ಎತ್ತಿಕೊಂಡೆ, ಆಗಲಿಲ್ಲ. ಕೋಟಿನ ಜೇಬಿನಲ್ಲೇ ಇತ್ತು. ‘ಪೈರು ಚೆನ್ನಾಗಿ ಎದ್ದಿದೆ’ ಅನ್ನುವ ಕೊನೆಯ ಸಾಲು ಇದೆಯಲ್ಲ, ಕುದುರೆಮೆಂತೆ ಕೊಯ್ಯುವಾಗಲೆಲ್ಲ ಅದೇ ಕಿವಿಯಲ್ಲಿ. ನಾವು ಮಕ್ಕಳಾಗಿದ್ದಾಗ ಆ ಬಯಲಿನಲ್ಲಿ ಬಿಳಿ ಚೂರುಗಳು ಸಿಗುತ್ತಿದ್ದವು. ಕುರಿಮೂಳೆ ಅಂತ ನಾಯಿಗೆ ಎಸೆಯುತ್ತಿದ್ದೆ. ಅಕ್ಕ, ಅವು ಕುರಿಮೂಳೆಯೇ ಇರಬೇಕು. ಕುರಿಮೂಳೆ ಹೌದು ತಾನೆ?

ಐಲೀನ್ ಮನೆ ಬಾಗಿಲಿಗೆ ಹೋಗಿ ಟೋಪಿ ತೆಗೆದು ನಿಲ್ಲುವ ಧೈರ್ಯ ನನಗಿಲ್ಲ. ಒಂದು ಮಧ್ಯಾಹ್ನ ಹಾರೆ ತೆಗೆದುಕೊಂಡು ಬಯಲಿಗೆ ಹೋದೆ. ಮುದುಕಿ ಕೂರುತ್ತಿದ್ದ ಜಾಗದ ಅಂದಾಜಿನಲ್ಲಿ ಗುಂಡಿ ತೋಡಿ ಬಿಲ್ಲೆ ಹೂತು, ಮಣ್ಣು ಮುಚ್ಚಿ, ಮೇಲೆ ಹುಲ್ಲು ಹೊದಿಸಿದೆ. ಗುರುತು ಏನೂ ಇಡಲಿಲ್ಲ. ನೆಲ ಮೆದುವಾಗಿದೆ, ಸ್ಮಾರಕ ನಿಲ್ಲುವುದಿಲ್ಲ ಅಂತ ಸಮಿತಿಗೆ ಹೇಳಿದೆ. ಬೆರಿಲ್‌ಗೆ ಬಿಲ್ಲೆಯನ್ನು ಪಾಲಿಶ್‌ಗೆ ಕಳಿಸಿದ್ದೇನೆ ಅಂದೆ.

ಸತ್ತವನದು ಸತ್ತವನಿಗೆ ಸೇರಿತು. ಇನ್ನು ಯಾರ ಕೊರಳಿಗೂ ಬೀಳುವುದಿಲ್ಲ. ಇಲ್ಲಿಗೆ ಮುಗಿಸು ಅಕ್ಕ.

ರಾಸ್


ರಿಸರ್ವ್ ರಸ್ತೆ, ಕಾರ್ವೆಲ್
1 ನವೆಂಬರ್ 1987

ಎನಿಡ್ ಅವರೇ,

ನನ್ನ ಬೆರಳು ಸೊಟ್ಟಗಾಗಿವೆ, ಪೆನ್ ಹಿಡಿಯೋಕಾಗಲ್ಲ. ಮೊಮ್ಮಗಳು ರೋಶೆಲ್ ಬರೀತಿದಾಳೆ. ನಾನು ಹೇಳಿದ್ ಹಾಗೇ ಬರಿ, ನಿನ್ ಇಸ್ಕೂಲ್ ಭಾಷೆ ಸೇರಿಸ್ಬೇಡ ಅಂದಿದೀನಿ.

ನಿಮ್ಮ ಎರಡು ಕಾಗದಾನೂ ಬಂತು. ಮೊದಲ್ನೇದಕ್ಕೆ ಉತ್ತರ ಕೊಡೋಕೆ ಮನಸಾಗ್ಲಿಲ್ಲ. ಹೊಸ ಸುದ್ದಿ ಅನ್ನೋ ಹಾಗೆ ಬರ್ದಿದ್ರಿ. ನಮಗೇನು ಹೊಸದು? ನೇಗಿಲು ಹೊಡೆದ ದಿನ ನಮ್ಮಜ್ಜಿ ಬೇಲಿ ಆಚೆ ನಿಂತು ನೋಡಿದ್ಳು. ಚಿಕ್ಕೋರಿದ್ದಾಗಿಂದ ಕೇಳಿದೀವಿ ಅದನ್ನ. ನಿಮ್ಮನೇಲಿ ಯಾರೂ ನಮ್ಮನ್ನ ಕೇಳ್ಲಿಲ್ಲ, ಅಷ್ಟೇ.

ಎರಡನೇ ಕಾಗದದಲ್ಲಿ ನಿಮ್ಮ ತಮ್ಮ ಬಿಲ್ಲೆನ ವಾಪಸ್ ಹೂತಿದಾನೆ ಅಂತ ಬರ್ದಿದೀರ. ಅದನ್ನ ಓದಿ ನಂಗೆ ಮೈಯೆಲ್ಲಾ ಉರೀತು ನೋಡಿ. ಆ ಬಿಲ್ಲೆಗೆ ನಮ್ಮಜ್ಜಿ ಏನಂತಿದ್ಲು ಗೊತ್ತಾ? ನಾಯಿ ಬಿಲ್ಲೆ. ಯಾರ ಮನೆ ನಾಯಿ ಅಂತ ಗುರ್ತಿಗೆ ಕೊರಳಿಗೆ ಕಟ್ಟೋದು. ನಮ್ಮ ಜಮೀನು ತಗೊಂಡು ನಮ್ಮ ಮುತ್ತಜ್ಜಂಗೆ ಅದನ್ನ ಕಟ್ಟಿದ್ರು. ಬೇರೆ ಕಡೆ ಜನಕ್ಕೆ ಅಂಥ ಬಿಲ್ಲೆ ಅಂದ್ರೆ ಹೆಮ್ಮೆ ಇರಬಹುದು, ಅದು ಅವರಿಷ್ಟ. ನಮ್ಮಜ್ಜಿಗೆ ಇರ್ಲಿಲ್ಲ. ಮುತ್ತಜ್ಜ ಸತ್ತಾಗ ಅದನ್ನ ತೆಗೆದುಬಿಡ್ಬೇಕು ಅಂತ ಮನೆಯವ್ರು ಅಂದ್ರಂತೆ. ನಿಮ್ಮ ಅಂಬ್ರೋಸ್ ಕುದುರೆ ಮೇಲೆ ಬಂದು, ಅದು ಅವನ ಮೇಲೇ ಇರ್ಲಿ ಅಂತ ನಿಂತು ಹೂಳಿಸಿದ್ನಂತೆ.

ಈಗ ನಿಮ್ಮ ತಮ್ಮ ಪುಣ್ಯ ಬರುತ್ತೆ ಅಂತ ಎರಡನೇ ಸಲ ಅದನ್ನೇ ಕಟ್ಟಿದಾನೆ. ಬದುಕಿದ್ದಾಗ ಒಂದ್ಸಲ, ಸತ್ಮೇಲೆ ಒಂದ್ಸಲ. ತೆಗೀಬೇಕು ಅಂತ ಹೇಳಿ ಅವನಿಗೆ.

ನೀವು ಅಕ್ಕ ತಮ್ಮ ಕೊಡು, ಕೊಡಲ್ಲ ಅಂತ ಕಿತ್ತಾಡ್ತಿರೋದು ಒಂದು ಹಿತ್ತಾಳೆ ತಗಡಿಗೆ. ನಂಗೆ ಅದು ಬೇಡ. ಎರಡು ಬೇಕು. ಒಂದು, ಗೇಟಿನ ಬೀಗ ತೆಗೀಲಿ, ನಾನು ಹೋಗಿ ಕೂರ್ಬೇಕು. ಎರಡ್ನೇದು, ನಮ್ಮ ಮುತ್ತಜ್ಜನ ತಲೆ ಎಲ್ಲಿದೆ? ಹಳೇ ಪೇಪರ್ ಓದೋಕೆ ಬರುತ್ತಲ್ಲ ನಿಮಗೆ, ಅದನ್ನ ಹುಡುಕಿ.

ಸ್ಕೋನ್ ಚೆನ್ನಾಗಿರ್ತಿತ್ತಂತೆ. ಅಜ್ಜಿ ಅದನ್ನೂ ಹೇಳ್ತಿದ್ಲು, ಸುಳ್ಳಾಡಬಾರ್ದು.

ಐಲೀನ್ ಪಾಸ್ಕೋ


ಗ್ಲೀಬ್
15 ನವೆಂಬರ್ 1987

ರಾಸ್,

ಐಲೀನ್ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ನಾನು ಅದಕ್ಕೆ ಏನೂ ಸೇರಿಸುವುದಿಲ್ಲ.

ನಾಳೆಯಿಂದ ಮತ್ತೆ ಗ್ರಂಥಾಲಯಕ್ಕೆ ಹೋಗುತ್ತೇನೆ. ಇಂಗ್ಲೆಂಡಿನ ವಿದ್ವಾಂಸ ಅಂತ ಇದೆಯೇ ಹೊರತು ಹೆಸರಿಲ್ಲ. ಆ ಕಾಲದಲ್ಲಿ ತಲೆಬುರುಡೆ ಸೇರಿಸಿಟ್ಟ ಸಂಗ್ರಹಾಲಯಗಳಿಗೆಲ್ಲ ಒಂದೊಂದಾಗಿ ಬರೆಯುತ್ತೇನೆ. ನನ್ನ ಆಯಸ್ಸು ಸಾಲದೆ ಹೋಗಬಹುದು. ಗ್ಯಾವಿನ್‌ಗೆ ಕೊರಳಿಗೆ ಹಾಕಲು ಏನೂ ಇಲ್ಲವಾಯಿತು ಅಂತ ಬೇಸರ ಬೇಡ, ನನ್ನ ನಂತರ ಈ ಕೆಲಸ ಅವನಿಗಿರಲಿ.

ಎನಿಡ್


ಆಲ್ಡರ್ಲಿ
31 ಜನವರಿ 1988

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯಲಿಲ್ಲ, ಬೈದುಕೊಂಡಿರುತ್ತೀ. ನನ್ನ ಕೈಯಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ.

ಗುರುತು ಇಡದೆ ಹೂತವನಿಗೆ ದೇವರು ತಕ್ಕ ಶಾಸ್ತಿ ಮಾಡಿದ. ಹುಲ್ಲು ಬೆಳೆದು ಬಯಲೆಲ್ಲ ಒಂದೇ ಆಗಿತ್ತು. ಹಾರೆ ಹಾಕಲು ಭಯ, ಕೆಳಗೆ ಏನಿದೆಯೋ. ಮೊಣಕಾಲೂರಿ ಬೆರಳಿನಲ್ಲಿ, ಬೆರಿಲ್‌ಳ ಹೂಕುಂಡದ ಸಣ್ಣ ಕರಣೆಯಲ್ಲಿ ಕೆದಕಿದೆ. ಬಿಳಿ ಕಲ್ಲು ಕಂಡಾಗಲೆಲ್ಲ ಕರಣೆ ಕೆಳಗಿಟ್ಟು ಬೆರಳಿನಿಂದ ಒರೆಸಿ ನೋಡುವುದು. ಬೆರಿಲ್ ಬೇಲಿಯ ಬಳಿ ಬಂದು, ‘ಪಾಲಿಶ್‌ಗೆ ಕೊಟ್ಟಿದ್ದು ಇಲ್ಲೇನಾ?’ ಅಂದಳು. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಮನೆಗೆ ಹೋಗಿ ಇನ್ನೊಂದು ಕರಣೆ ತಂದಳು. ಕೂಟದ ಹಿಂದಿನ ದಿನ ಬಿಲ್ಲೆ ಸಿಕ್ಕಿತು, ಹಸಿರು ಬಣ್ಣಕ್ಕೆ ತಿರುಗಿತ್ತು.

ಅದನ್ನು ತೆಗೆದುಕೊಂಡು ಐಲೀನ್ ಬಾಗಿಲಿಗೆ ಹೋದೆ. ಟೋಪಿ ತೆಗೆದು ನಿಂತೆ. ಅವಳು ಒಳಗೆ ಕರೆಯಲಿಲ್ಲ. ‘ಬೇಡ ಅಂದಿದ್ನಲ್ಲ, ಮತ್ಯಾಕೆ ತಂದೆ?’ ಅಂದಳು. ಹಾಗಾದರೆ ಎಲ್ಲಾದರೂ ಎಸೆದುಬಿಡಲೇ ಎಂದು ಕೇಳಿದೆ. ‘ಎಸೆದ್ರೆ ನಿಂಗೆ ಹಗುರ ಆಗುತ್ತೆ. ಅದೆಲ್ಲಾ ಇಲ್ಲ. ಎಲ್ಲಿತ್ತೋ ಅಲ್ಲೇ ಇಟ್ಕೋ, ನಿಮ್ಮನೇಲಿ. ಪಕ್ಕದಲ್ಲಿ ಆ ಪೇಪರ್‌ನೂ ಇಡು. ಬಂದವ್ರು ಕೇಳ್ತಾರೆ, ಹೇಳು. ಉಜ್ಜಬೇಡ’ ಅಂದಳು. ಬಾಗಿಲು ಹಾಕಿಕೊಂಡಳು.

ಇಪ್ಪತ್ತಾರಕ್ಕೆ ಎಲ್ಲರೂ ಬಂದರು. ಊಟ ಮುಗಿದು, ಬಿಲ್ಲೆ ಬಿಲ್ಲೆ ಅಂತ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತು ಪತ್ರಿಕೆಯ ಸುದ್ದಿ ಓದಿದೆ. ‘ಒಡ್ಡೋಲಗಕ್ಕೆ ಭಂಗ’ ಅನ್ನುವಲ್ಲಿ ಒಬ್ಬಿಬ್ಬರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಟೂವೂಂಬದ ಚಿಕ್ಕಪ್ಪ, ‘ಹಬ್ಬದ ದಿನ ಹೆಣದ ಮಾತೇನೋ, ಮುಠ್ಠಾಳ!’ ಅಂತ ಹೆಂಡತಿಯನ್ನು ಎಬ್ಬಿಸಿಕೊಂಡು ಹೋದರು. ಅವರ ಹಿಂದೆ ಅರ್ಧ ಜನ ಎದ್ದರು. ಗ್ಯಾವಿನ್ ತಟ್ಟೆ ಎತ್ತಿದ. ಸಂಜೆ ಬಂದು, ‘ಎನಿಡ್ ಅತ್ತೆ ಫೋನ್ ನಂಬರ್ ಕೊಡಪ್ಪ’ ಅಂತ ಕೇಳಿದ. ಮಾಡಿರುತ್ತಾನೆ.

ಬೀಗವನ್ನು ಸುತ್ತಿಗೆಯಿಂದ ಒಡೆದೆ. ನಿನ್ನೆ ಐಲೀನ್ ಬಂದಳು, ರೋಶೆಲ್ ಕೈ ಹಿಡಿದುಕೊಂಡು. ತನ್ನ ಅಜ್ಜಿ ಕೂರುತ್ತಿದ್ದಲ್ಲೇ ಹೋಗಿ ಕೂತಳು. ಬೆರಿಲ್ ಸ್ಕೋನ್ ಮಾಡಿ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು, ಬೇಡ ಅಂದರೂ ಕೇಳಲಿಲ್ಲ. ಅರವತ್ತೊಂದು ವರ್ಷದ ಮುದುಕ ಅದನ್ನು ಹಿಡಿದುಕೊಂಡು ಬಯಲಿಗೆ ಹೋದೆ. ನಾನು ಬರುವುದನ್ನು ನೋಡಿ ಐಲೀನ್, ‘ಏನು, ಜಾಮ್ ಬೇಕಾ ಅಂತ ಕೇಳೋಕೆ ಬಂದ್ಯಾ?’ ಅಂದಳು. ಗಂಟನ್ನು ಹುಲ್ಲಿನ ಮೇಲೆ ಇಟ್ಟೆ.

ಸ್ವಲ್ಪ ದೂರ ಬಿಟ್ಟು ಕೂತೆ. ಜೆರ್ರಿ ಅನ್ನುವುದು ನಾವು ಇಟ್ಟ ಹೆಸರು, ಅವರ ನಿಜವಾದ ಹೆಸರೇನು ಅಂತ ಕೇಳಿದೆ. ನೀನು ಅಷ್ಟೊಂದು ಸುರುಳಿ ತಿರುಗಿಸಿದೆಯಲ್ಲ ಅಕ್ಕ, ನಮ್ಮ ಯಾವ ಪತ್ರಿಕೆಯಲ್ಲೂ ಅದು ಇರಲಿಲ್ಲ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೇಳಿದಳು. ಎರಡು ಸಲ ಹೇಳಿಸಿ ನನ್ನ ಬಾಯಲ್ಲಿ ಸರಿ ಮಾಡಿಸಿದಳು. ‘ಬರ್ಕೋಬೇಡ. ಬರೆದಿದ್ದನ್ನ ನೀವು ಏನು ಮಾಡ್ತೀರಿ ಅಂತ ನೋಡಿದೀವಿ’ ಅಂದಳು.

ಅದಕ್ಕೇ ಇಲ್ಲಿ ಬರೆಯುತ್ತಿಲ್ಲ. ಬೆಳಗಿನಿಂದ ಮರೆತುಹೋಗದ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೇನೆ. ನೀನು ಬಾ. ಗೇಟು ತೆರೆದಿದೆ, ಅವಳನ್ನೇ ಕೇಳು.

ನಿನ್ನ ತಮ್ಮ
ರಾಸ್